ಅಮಾಸೆಗೆ ಹೊರಗಾದವಳು

ಮಾನಮ್ಮನ ಬಲಗೈಯ ಏಟು ತಿಂದವರು ಲಿಂಗರಾಜಪುರದಿಂದ ಕೆ.ಆರ್. ಪುರದವರೆಗೂ ಸಿಗುತ್ತಾರೆ. ಕೆಲವರು ಒಪ್ಪಿಕೊಳ್ಳುತ್ತಾರೆ, ಕೆಲವರು ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಸುಳ್ಳು ಹೇಳುತ್ತಾರೆ. ವರ್ಷಗಟ್ಟಲೆ ಕಾಂಕ್ರೀಟಿನ ಬಾಂಡ್ಲಿ ಎತ್ತಿದ ಕೈ ಅದು, ಕೆನ್ನೆಗೆ ಬಿದ್ದರೆ ಹಲ್ಲು ಮುಟ್ಟಿ ನೋಡಿಕೊಳ್ಳಬೇಕು. ಬಜಾರಿ, ಗಂಡುಬೀರಿ, ಜಗಳಗಂಟಿ ಎಂದೆಲ್ಲ ಹೆಸರಿಟ್ಟರು. ಹೆಸರಿಡುವವರಿಗೇನು, ನಾಲಿಗೆಗೆ ಎಲುಬಿದೆಯೇ? ಆ ಹೆಂಗಸು ಕೈ ಎತ್ತಿಕೊಂಡೇ ಹುಟ್ಟಿದವಳಲ್ಲ. ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ ಎಂಟು ಮಕ್ಕಳ ನಡುವೆ ಹುಟ್ಟಿ, ಅಕ್ಕನ ಸೊಂಟದ ಮೇಲೆ ತಾನು ಬೆಳೆದು, ತನ್ನ ಸೊಂಟದ ಮೇಲೆ ತಮ್ಮನನ್ನು ಬೆಳೆಸಿ, ದೊಡ್ಡವರ ಮುಂದೆ ತಲೆ ಎತ್ತಲೂ ನಾಚುತ್ತಿದ್ದ ಹುಡುಗಿ. ದುರ್ಗೇಶನ ಕೈಹಿಡಿದು ಬೆಂಗಳೂರಿಗೆ ಬಂದ ಮೇಲೆ ಅವಳ ಕೈ ಮೇಲೇಳುವಂತೆ ಮಾಡಿದ್ದು ಈ ಊರು.

ಆಗ, ತೊಂಬತ್ತನೇ ಇಸವಿಯ ಆಸುಪಾಸಿನಲ್ಲಿ, ಕಲ್ಯಾಣ ನಗರದಲ್ಲಿ ಮನೆಗಳಿಗಿಂತ ಸೈಟು ಕಲ್ಲುಗಳೇ ಹೆಚ್ಚು. ಒಂದು ಕಡೆ ಪಾಯ ತೋಡುತ್ತಿದ್ದರೆ ಇನ್ನೊಂದು ಕಡೆ ತಾರಸಿಗೆ ಕಾಂಕ್ರೀಟಿನ ಮೋಲ್ಡ್ ಹಾಕುತ್ತಿದ್ದರು. ಹಾಗೆ ಕಟ್ಟುವವರೆಲ್ಲ ಪಕ್ಕದ ಲಿಂಗರಾಜಪುರದ ವಠಾರಗಳಲ್ಲಿ, ಕಾಲು ಚಾಚಿದರೆ ಗೋಡೆ ತಾಕುವ ಬಾಡಿಗೆ ರೂಮುಗಳಲ್ಲಿ ತುಂಬಿಕೊಂಡಿದ್ದರು. ದುರ್ಗೇಶ ಸೆಂಟ್ರಿಂಗ್ ಕೆಲಸದವನು, ಮೋಲ್ಡಿಗೆ ಮುಂಚೆ ಹಲಗೆ ಹಾಸಿ ಕಂಬ ಕೊಡುವವನು. ಮಾನಮ್ಮ ಬಾಂಡ್ಲಿ ಹೊರುವ ಹೆಣ್ಣಾಳು. ಇಬ್ಬರೂ ಇದ್ದದ್ದು ಪಿಳ್ಳಮ್ಮನ ವಠಾರದಲ್ಲಿ.

ಪಿಳ್ಳಮ್ಮ ಆ ಊರಿನ ಹಳೆಯ ಕುಳ. ಗಂಡ ಸತ್ತ ಮೇಲೆ ಮಗ ಮುನಿರಾಜಪ್ಪನ ಜೊತೆ ಸೇರಿ ಸೊಪ್ಪು ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ರೂಮು ಎಬ್ಬಿಸಿದ್ದಳು. ಅಷ್ಟೂ ರೂಮಿಗೆ ಒಂದೇ ಕಕ್ಕಸು, ಒಂದೇ ನಲ್ಲಿ. ನಲ್ಲಿಯ ಪಕ್ಕದಲ್ಲೇ ಪ್ಲೇಗಮ್ಮನ ಪುಟ್ಟ ಗುಡಿ. ಅಮ್ಮನ ಅಭಿಷೇಕಕ್ಕೂ ಅದೇ ನಲ್ಲಿಯ ನೀರಾದ್ದರಿಂದ ಮುಟ್ಟಾದ ಹೆಂಗಸರು ಮೂರು ದಿನ ನಲ್ಲಿ ಮುಟ್ಟುವ ಹಾಗಿರಲಿಲ್ಲ. ದೂರದಲ್ಲಿ ಒಂದು ಚಪ್ಪಡಿ ಹಾಕಿದ್ದರು. ಕೊಡ ಇಟ್ಟುಕೊಂಡು ಅದರ ಮೇಲೆ ಕೂತರೆ ಬೇರೆ ಯಾರಾದರೂ ಎತ್ತಿ ನೀರು ಸುರಿಯಬೇಕು. ಬಂದ ಹೊಸದರಲ್ಲಿ ಮಾನಮ್ಮ ಕೊಡ ಹಿಡಿದು ಬರುತ್ತಿದ್ದಾಗ ಪಿಳ್ಳಮ್ಮ ಜಗಲಿಯಿಂದಲೇ, "ಏನಮ್ಮೀ, ಹೊರ್ಗಾ?" ಎಂದು ಕೇಳಿದಳು. ಮಾನಮ್ಮ ಸುತ್ತ ನೋಡಿ, "ಇಲ್ರೀ ಅಮ್ಮಾರೆ, ಒಳಗ ಅದೀನಿ, ಗೇಟಿನ ಒಳಗ," ಎಂದಳು. ವಠಾರಕ್ಕೆ ವಠಾರವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊರಗೆ ಎಂದರೆ ಇಲ್ಲಿ ಮುಟ್ಟು ಎಂದು ಬಿಡಿಸಿ ಹೇಳಿದವಳು ಪಕ್ಕದ ರೂಮಿನ ಬಿಲ್ಕೀಸ್.

ಆ ಚಪ್ಪಡಿ ಬರೀ ಮಡಿ ಮೈಲಿಗೆಯ ಕಲ್ಲಾಗಿದ್ದರೆ ಅದರ ಪಾಡಿಗೆ ಅದು ಇರುತ್ತಿತ್ತು. ಆದರೆ ಪಿಳ್ಳಮ್ಮನ ವಠಾರಕ್ಕೆ ಇನ್ನೊಂದು ಕಟ್ಟಳೆ ಇತ್ತು. ಕೈಗೂಸಿಗೆ ರೂಮಿಲ್ಲ. ಗಂಡ ಹೆಂಡತಿ ಇರಬಹುದು, ಕೂಸು ಹುಟ್ಟಿದರೆ ಖಾಲಿ ಮಾಡಬೇಕು. ಕಕ್ಕಸಿನ ಗುಂಡಿ ತುಂಬುತ್ತದೆ, ನೀರು ಸಾಲದು, ಬಟ್ಟೆ ಒಗೆತ ಹೆಚ್ಚು, ಒಂದು ಅತ್ತರೆ ಹತ್ತು ಏಳುತ್ತವೆ ಎನ್ನುವುದು ಅವಳ ವಾದ. ಒಂಬತ್ತು ಹೆತ್ತ ಹೆಂಗಸು ಹೇಳುವ ಮಾತೇ ಇದು! ಅವಳು ಹೆತ್ತಿದ್ದು ಸೊಪ್ಪಿನ ಹೊಲದಲ್ಲಿ, ಬೇರೆಯವರು ಹೆರುವುದು ಅವಳ ಬಾಡಿಗೆ ರೂಮಿನಲ್ಲಿ. ವ್ಯತ್ಯಾಸ ಅಷ್ಟೇ. ಯಾವ ರೂಮಿನವಳು ಯಾವ ತಿಂಗಳು ಕಲ್ಲಿನ ಮೇಲೆ ಕೂರಲಿಲ್ಲ ಎನ್ನುವುದು ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಕೂತ ಪಿಳ್ಳಮ್ಮನಿಗೆ ಆ ರೂಮಿನವಳ ಗಂಡನಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಗೊತ್ತಾದ ವಾರದಲ್ಲಿ ಮುನಿರಾಜಪ್ಪ ಬಾಗಿಲು ತಟ್ಟುತ್ತಿದ್ದ. ಹೀಗಾಗಿ ಆ ವಠಾರದಲ್ಲಿ ತಾಯಂದಿರಿದ್ದರು, ಮಕ್ಕಳಿರಲಿಲ್ಲ. ಬಿಲ್ಕೀಸಳ ಮಗನೇ ಶಿವಾಜಿನಗರದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ. ಭಾನುವಾರ ಬಸ್ಸು ಹತ್ತಿ ಹೋಗಿ ಅವನ ತಲೆ ನೇವರಿಸಿ ಬರುತ್ತಿದ್ದಳು. ಬೇರೆ ವಠಾರ ಹುಡುಕಬಾರದೇ ಎಂದರೆ, ಸುತ್ತಮುತ್ತ ಎಲ್ಲರ ಬಾಯಲ್ಲೂ ಅದೇ ಮಾತು.

ಮಾನಮ್ಮನ ಮೊದಲ ಬಸಿರು ಪಿಳ್ಳಮ್ಮನ ಕಣ್ಣಿಗೆ ಬೀಳುವವರೆಗೂ ಉಳಿಯಲಿಲ್ಲ. ಮೋಲ್ಡಿನ ದಿನ ಹಲಗೆಯ ಇಳಿಜಾರಿನಲ್ಲಿ ಕಾಂಕ್ರೀಟು ತುಂಬಿದ ಬಾಂಡ್ಲಿ ಹೊತ್ತು ಹತ್ತುತ್ತಿದ್ದಳು. ಸಾಲು ನಿಲ್ಲುವ ಹಾಗಿಲ್ಲ. ಮಿಕ್ಸರ್ ತಿರುಗುತ್ತಿರುತ್ತದೆ, ಒಬ್ಬಳು ನಿಂತರೆ ಹಿಂದಿನವಳು ಗುದ್ದುತ್ತಾಳೆ. ಕೆಳಹೊಟ್ಟೆಯಲ್ಲಿ ಹಿಂಡಿದಂತಾಗಿ, "ಮೇಸ್ತ್ರಿ, ಒಂದ್ ಗಳಿಗಿ ಇಳಿತೀನ್ರೀ," ಎಂದು ಕೂಗಿದಳು. "ಮೋಲ್ಡ್ ಮುಗಿಯೋವರ್ಗೂ ಯಾರೂ ಇಳಿಯಂಗಿಲ್ಲ, ನಡಿಯಮ್ಮಾ ಸುಮ್ನೆ!" ಎಂದ ಮೇಸ್ತ್ರಿ. ಮತ್ತೆ ಹತ್ತಿದಳು. ಮೇಲಿನ ಹಲಗೆ ತಲುಪುವಷ್ಟರಲ್ಲಿ ಕಾಲು ಬಳುಕಿ ಬಾಂಡ್ಲಿಸಮೇತ ಮರಳಿನ ರಾಶಿಗೆ ಉರುಳಿದಳು. ತೊಡೆಯ ನಡುವೆ ಬಿಸಿಯಾಗಿ ಇಳಿದದ್ದು ಸೀರೆ ನೆನೆಸಿ ಮರಳಿಗೆ ಹೋಯಿತು. ಮೇಸ್ತ್ರಿ ಓಡಿ ಬಂದು ಮೊದಲು ನೋಡಿದ್ದು ಚೆಲ್ಲಿದ ಕಾಂಕ್ರೀಟನ್ನು. "ಮಾಲೆಲ್ಲಾ ವೇಸ್ಟ್ ಆಯ್ತಲ್ಲಮ್ಮಾ!"

ಆಗ ಎದ್ದಿತು ನೋಡಿ ಆ ಕೈ. ರಕ್ತದಲ್ಲಿ ಕೂತಿದ್ದವಳು ಹೇಗೆ ಎದ್ದಳೋ ಅವಳಿಗೇ ತಿಳಿಯದು. ಮೇಸ್ತ್ರಿಯ ಕೆನ್ನೆಗೆ ಬಿದ್ದ ಏಟಿಗೆ ಅವನ ಬಾಯಿಯ ಬೀಡಿ ಹಾರಿ, ಕೆಳದುಟಿ ಸೀಳಿ, ಅಂಗಿಯ ಮೇಲೆಲ್ಲ ಕೆಂಪಾಯಿತು. ಮಾನಮ್ಮ ತನ್ನ ಕೈಯನ್ನೇ ಪರರ ಕೈ ನೋಡಿದ ಹಾಗೆ ನೋಡಿಕೊಂಡಳು. ಆಮೇಲೆ ಆ ಮೇಸ್ತ್ರಿ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಪಿಳ್ಳಮ್ಮನ ಕಣ್ಣಿಗೆ ಬಿತ್ತು. ಮುನಿರಾಜಪ್ಪ ಬಾಗಿಲಿಗೆ ಬಂದ. ದುರ್ಗೇಶ ಕೈಕಾಲು ಹಿಡಿದು, ಇಲ್ಲ ಅಣ್ಣಾ, ಬಸಿರು ಇಳಿಸಿಬಿಡುತ್ತೇವೆ ಎಂದು ಮಾತು ಕೊಟ್ಟ. ಶಿವಾಜಿನಗರದ ಸಂದಿಯೊಂದರಲ್ಲಿ, ಡಾಕ್ಟರ ಹತ್ತಿರ ಕೆಲಸ ಮಾಡಿ ಬಿಟ್ಟಿದ್ದವನೊಬ್ಬ ಪರದೆ ಕಟ್ಟಿದ ಬೆಂಚಿನ ಮೇಲೆ ಮಲಗಿಸಿ ಮಾಡಿದ ಕೆಲಸ ಅದು. ಬಾಯಿಗೆ ಸೆರಗು ತುರುಕಿಕೊಂಡಿದ್ದರೂ ಅವಳ ಕೂಗು ಬೀದಿಗೆ ಕೇಳಿತು. ಜ್ವರ ಏರಿ, ಹಾಸಿಗೆಯೆಲ್ಲ ರಕ್ತವಾಗಿ, ಬಿಲ್ಕೀಸ್ ಹೆದರಿ ಸರ್ಕಾರಿ ಆಸ್ಪತ್ರೆಗೆ ಹೊತ್ತೊಯ್ದಳು. ಅಲ್ಲಿನ ಡಾಕ್ಟರಮ್ಮ, "ಇನ್ನೊಂದ್ ಸಲ ಹೀಗೆ ಮಾಡಿಸ್ಕೊಂಡ್ರೆ ಮಗು ಆಸೆ ಬಿಟ್ಬಿಡು. ನೀನು ಉಳಿಯೋದೂ ಗ್ಯಾರಂಟಿ ಇಲ್ಲ," ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

ಆದ್ದರಿಂದ ಮೂರನೆಯದು ನಿಂತಾಗ ಮಾನಮ್ಮ ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದಳು. ಇದು ಉಳಿದರೆ ತಾನು ತಾಯಿ, ಇಲ್ಲದಿದ್ದರೆ ಜನ್ಮಕ್ಕೆ ಬರೀ ಹೆಣ್ಣಾಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಗಂಡನಿಗೆ ಹೇಳಿದಳು.

"ನಿಂತದ."

"ಏನ್ ನಿಂತದ?"

"ಮುಟ್ಟು ನಿಂತದ. ಈ ಸಲ ನಾ ತೆಗಸಂಗಿಲ್ಲ, ಈಗ ಹೇಳೀನಿ."

ದುರ್ಗೇಶ ದಿನವಿಡೀ ಬಿಸಿಲಲ್ಲಿ ಕಂಬ ಹೊತ್ತು ಬಂದಿದ್ದ. "ತಲಿ ಕೆಟ್ಟದೇನ್ ನಿನಗ? ರೂಮ್ ಹೋಗ್ತದ. ಎಲ್ಲಿ ಮಲಗಸ್ತಿ ಅದನ್ನ, ರಸ್ತೆ ಮ್ಯಾಲ?" ಎಂದ. "ರಸ್ತೆ ಮ್ಯಾಲ ಮಲಗಸ್ತೀನಿ," ಎಂದಳು. ಅವನು ಹಿಟ್ಟಿನ ಪರಾತ ಒದ್ದ. ಜೋಳದ ಹಿಟ್ಟು ಮಾಡಿನವರೆಗೂ ಹಾರಿತು. ತುರುಬು ಹಿಡಿದು ಗೋಡೆಗೆ ಅವಳ ತಲೆ ಬಡಿದ, ಮತ್ತೊಂದು ಸಲ ಬಡಿದ. ಹುಬ್ಬು ಒಡೆದು ಒಂದು ಕಣ್ಣು ಮುಚ್ಚಿತು. ಕಾಲೆತ್ತಿ ಹೊಟ್ಟೆಯ ಕಡೆಗೆ ಬಂದ ನೋಡಿ, ಆಗ ಮಾನಮ್ಮ ಒಲೆಯ ಮೇಲೆ ಕೆಂಪಗೆ ಕಾದಿದ್ದ ಕಬ್ಬಿಣದ ಹಂಚನ್ನು ಸೆರಗಿನಿಂದ ಹಿಡಿದು ಅವನ ಮುಂಗೈಗೆ ಒತ್ತಿದಳು. ಚರ್ಮ ಚುರ್ ಎಂದಿತು. ಅವನು ಎಮ್ಮೆಯ ಹಾಗೆ ಅರಚಿ ಮೂಲೆಗೆ ಬಿದ್ದ.

"ಇನ್ನೊಂದ್ ಸಲ ಹೊಟ್ಟಿಗೆ ಕಾಲೆತ್ತಿದ್ರ ಇದನ್ನ ಮಾರಿಗೆ ಒತ್ತತೀನಿ," ಎಂದಳು. ದನಿ ಎತ್ತರಿಸಲೂ ಇಲ್ಲ.

ಇಬ್ಬರೂ ಎದುರುಬದುರು ಗೋಡೆಗೆ ಒರಗಿ ಅತ್ತರು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಅವನ ಸುಟ್ಟ ಕೈಗೆ ಎಣ್ಣೆ ಸವರಿದಳು, ಅವನು ಅವಳ ಹುಬ್ಬಿನ ರಕ್ತ ಒರೆಸಿದ. ಬೆಳಗ್ಗೆ ನೋಡಿದರೆ ಅವಳು ಕೆಲಸದ ಅಂಗಿ ನೇತುಹಾಕುವ ಮೊಳೆಯಲ್ಲಿ ಅವನ ದೊಡ್ಡ ಅಂಗಿ ತೂಗುತ್ತಿತ್ತು. ಗಾರೆ ಕೆಲಸದ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಡುವುದು ರೂಢಿ, ಯಾರೂ ಏನೂ ಅನ್ನುವುದಿಲ್ಲ. ಹಳೆಯ ಅಂಗಿ ಮೈಗೆ ಅಂಟುತ್ತಿತ್ತು. ಇದು ಮೊಳಕಾಲಿನವರೆಗೂ ಜೋಲುತ್ತಿತ್ತು. ಮಾನಮ್ಮ ಅದನ್ನು ತೊಟ್ಟು ಗುಂಡಿ ಹಾಕಿಕೊಂಡಳು.

ಅಂಗಿ ಹೊಟ್ಟೆಯನ್ನು ಮುಚ್ಚಬಹುದು, ಕಲ್ಲನ್ನು ಏನು ಮಾಡುವುದು? ತಿಂಗಳಿಗೊಮ್ಮೆ ಚಪ್ಪಡಿಯ ಮೇಲೆ ಕೂರದಿದ್ದರೆ ಪಿಳ್ಳಮ್ಮ ಬಿಡುವವಳಲ್ಲ. ಸರಿ, ಕೂತರಾಯಿತು ಎಂದು ಮಾನಮ್ಮ ಕೂತಳು. ಮುಟ್ಟಾಗದೆಯೇ ಹೊರಗಾದಳು. ಬಿಲ್ಕೀಸ್ ನೀರು ಸುರಿಯಲು ಬಂದವಳು ಅವಳ ಮುಖ ನೋಡಿ ಅರ್ಥ ಮಾಡಿಕೊಂಡು, "ಅರೆ ಪಾಗಲ್, ಗೊತ್ತಾದ್ರೆ ಆ ಮುದುಕಿ ನಿನ್ನ ಚರ್ಮ ಸುಲಿತಾಳೆ," ಎಂದು ಪಿಸುಗುಟ್ಟಿದಳು. "ನೀ ಬಾಯ್ ಮುಚ್ಚಿ ನೀರ್ ಹಾಕು," ಎಂದಳು ಮಾನಮ್ಮ. ಬಿಲ್ಕೀಸ್ ಕೊಡ ತುಂಬಿಸಿ, ಬೇಕೆಂದೇ ಜೋರಾಗಿ, "ಹೊಟ್ಟೆನೋವು ಜಾಸ್ತಿನಾ ಮಾನಮ್ಮಾ?" ಎಂದಳು. ಜಗಲಿಯ ಮೇಲೆ ಪಿಳ್ಳಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು.

ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಕೆಟ್ಟದ್ದು ಒಂದೇ ಕಡೆ. ಮಾನಮ್ಮನ ಸೀಮೆಯಲ್ಲಿ ಅಮಾವಾಸ್ಯೆಯ ದಿನ ಎತ್ತಿಗೂ ನೊಗ ಹೂಡುವುದಿಲ್ಲ, ಆಳೂ ಕೆಲಸಕ್ಕೆ ಹೋಗುವುದಿಲ್ಲ. ಬೆಂಗಳೂರಿಗೆ ಬಂದರೂ ಆ ಕಡೆಯ ಗಾರೆಯವರು ಬಿಡದ ಪದ್ಧತಿ ಅದು. ಭಾನುವಾರ ಬೇಕಾದರೆ ದುಡಿಯುತ್ತಾರೆ, ಅಮಾಸೆಗೆ ಕರಣೆ ಮುಟ್ಟುವುದಿಲ್ಲ. ರಜೆಯ ದಿನವಾದರೆ ಬೆಳಕಿದ್ದಾಗಲೇ, ಪಿಳ್ಳಮ್ಮನ ಕಣ್ಣೆದುರೇ ಕಲ್ಲಿನ ಮೇಲೆ ಕೂರಬಹುದಲ್ಲ ಎಂದು ಮಾನಮ್ಮ ಲೆಕ್ಕ ಹಾಕಿದಳು. ಪ್ರತಿ ತಿಂಗಳೂ ಅಮಾಸೆಗೇ ಹೊರಗಾದಳು. ಆದರೆ ಪಿಳ್ಳಮ್ಮ ಪ್ಲೇಗಮ್ಮನಿಗೆ ವಠಾರದ ಮುತ್ತೈದೆಯರಿಂದ ಆರತಿ ಎತ್ತಿಸುತ್ತಿದ್ದದ್ದೂ ಅಮಾಸೆಗೇ. ಪ್ರತಿ ಸಲವೂ ಆರತಿಗೆ ತಪ್ಪುತ್ತಿದ್ದವಳು ಮಾನಮ್ಮ ಒಬ್ಬಳೇ.

ಜುಲೈ ತಿಂಗಳಲ್ಲಿ ಭೀಮನ ಅಮಾವಾಸ್ಯೆ ಬಂತು. ಗಂಡನ ಆಯಸ್ಸಿಗೆ ಹೆಂಗಸರು ಪೂಜೆ ಮಾಡುವ ದಿನ. ನಲ್ಲಿಯ ಸುತ್ತ ಸೆಗಣಿ ಸಾರಿಸಿ, ಗುಡಿಗೆ ಮಾವಿನೆಲೆ ಕಟ್ಟಿ, ಎಲ್ಲರೂ ತಟ್ಟೆ ಹಿಡಿದು ನಿಂತಿದ್ದರು. ಮಾನಮ್ಮ ದೊಡ್ಡ ಅಂಗಿ ತೊಟ್ಟು ಕಲ್ಲಿನ ಮೇಲೆ ಕೂತಿದ್ದಳು. ಹೊಟ್ಟೆಯಲ್ಲಿ ಕೂಸು ಆಗಲೇ ಒದೆಯುತ್ತಿತ್ತು.

ಪಿಳ್ಳಮ್ಮ ಎಲೆಯಡಿಕೆಯ ತಟ್ಟೆ ಕೆಳಗಿಟ್ಟಳು. "ಇವತ್ತೂನಾ?"

"ಹೂಂ ರೀ ಅಮ್ಮಾರೆ, ಹೊರಗ."

"ಯುಗಾದಿ ಕಾಲದಿಂದ ನೋಡ್ತಾ ಅವ್ನಿ. ಅಮಾಸೆ ಬಂತು ಅಂದ್ರೆ ಸಾಕು, ನೀನು ಹೊರ್ಗೆ. ಹೆಂಗಸ್ರ ಮುಟ್ಟು ಕ್ಯಾಲೆಂಡರ್ ನೋಡ್ಕಂಡು ಬರ್ತದೇನಮ್ಮೀ? ಅಮಾಸೆ ಅಮಾಸೆಗೆ ಹೊರ್ಗಾಗೋದು ನನಗೆ ಹೇಳ್ತೀಯಾ?"

ಮುದುಕಿ ದಢದಢ ಬಂದು, ಮೈಲಿಗೆಯನ್ನೂ ಮರೆತು, ಅಂಗಿಯ ಎದೆಗೆ ಕೈ ಹಾಕಿ ಎಳೆದಳು. ಗುಂಡಿಗಳು ಪಟಪಟ ಕಿತ್ತು ನಲ್ಲಿಕಟ್ಟೆಯ ಮೇಲೆ ಉರುಳಿದವು. ಹೊಟ್ಟೆ ಎಲ್ಲರ ಕಣ್ಣೆದುರು ಬಂತು. ಆರತಿ ತಟ್ಟೆಗಳು ಗಾಳಿಯಲ್ಲೇ ನಿಂತವು.

"ಅಯ್ಯೋ ನಿನ್ನ ಮನೆ ಹಾಳಾಗ! ಅಮ್ಮನ ಮುಂದೆ ಸುಳ್ಳು ಮೈಲಿಗೆ ಕೂತಿದ್ದೀಯೇನೇ ರಂಡೆ? ನಡಿ ಹೊರ್ಗೆ! ಈಗಿಂದೀಗ್ಲೆ ನಡಿ!" ಪಿಳ್ಳಮ್ಮ ಅವಳ ಕೂದಲು ಹಿಡಿದು ಕಲ್ಲಿನಿಂದ ಕೆಳಗೆಳೆದಳು. ಮಾನಮ್ಮ ಎರಡೂ ಕೈಯಲ್ಲಿ ಹೊಟ್ಟೆ ಅಪ್ಪಿಕೊಂಡು ಮಂಡಿಯೂರಿ ಬಿದ್ದಳು. "ಹೆರೋ ತನಕ ಇರ್ಲಿಕ್ಕ ಬಿಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಹೆತ್ತ ಮರುದಿನಾನ ಹೋಗ್ತೀನಿ," ಎಂದಳು. ಅವಳು ಬೇಡಿಕೊಂಡದ್ದು ಅದೊಂದೇ ಸಲ. ಪಿಳ್ಳಮ್ಮ ಕೇಳಲಿಲ್ಲ, ತುರುಬು ಜಗ್ಗುತ್ತಲೇ ಇದ್ದಳು. ಆಗ ಮಾನಮ್ಮ ಒಂದು ಕೈಯನ್ನು ಹೊಟ್ಟೆಯಿಂದ ತೆಗೆದಳು.

ಆ ಏಟಿಗೆ ಪಿಳ್ಳಮ್ಮ ತಿರುಗಿ ನಲ್ಲಿಕಟ್ಟೆಯ ಮೇಲೆ ಬಿದ್ದಳು. ಹೆಗಲ ಮೂಳೆ ಮುರಿದ ಸದ್ದು ಹಿಂದಿನ ಸಾಲಿನವರಿಗೂ ಕೇಳಿಸಿತು. ಎಲೆಯಡಿಕೆಯ ಕೆಂಪೂ ರಕ್ತದ ಕೆಂಪೂ ಸೇರಿ ಬಾಯಿಂದ ಸುರಿಯಿತು. ಹೆಂಗಸರು ಬೊಬ್ಬೆ ಹಾಕಿದರು. ಒಳಗಿನಿಂದ ಮುನಿರಾಜಪ್ಪ ಸೌದೆಯ ಕೊರಡು ಹಿಡಿದು ನುಗ್ಗಿ ಬಂದ, ತಾಯಿಯನ್ನು ನೋಡಿದ, ಹುಚ್ಚೇ ಹಿಡಿಯಿತು ಅವನಿಗೆ. ಮೊದಲ ಪೆಟ್ಟು ಮಾನಮ್ಮನ ಭುಜಕ್ಕೆ ಬಿತ್ತು, ಎರಡನೆಯದು ಬೆನ್ನಿಗೆ. ಮೂರನೆಯದಕ್ಕೆ ಎತ್ತಿದ ಕೈಯನ್ನು ಬಿಲ್ಕೀಸ್ ಹಿಂದಿನಿಂದ ಬಂದು ಹಲ್ಲು ಇಳಿಯುವ ಹಾಗೆ ಕಚ್ಚಿ ಹಿಡಿದಳು. ಕೊರಡು ಬಿತ್ತು. ಅವನು ಬಿಲ್ಕೀಸಳನ್ನು ಒದರಿ ಎಸೆದು ಮಾನಮ್ಮನ ಸೊಂಟಕ್ಕೆ ಒದ್ದ. ಅವಳು ಕೆಸರಿನಲ್ಲಿ ಮಗ್ಗುಲಾದಳು.

ದುರ್ಗೇಶ ಅಷ್ಟು ಹೊತ್ತೂ, "ಬಿಡ್ರಿ ಅಣ್ಣಾರೆ, ಬಸುರಿ ಅದಾಳ್ರಿ," ಎಂದು ಕೈಮುಗಿದು ಅತ್ತಿಂದಿತ್ತ ಓಡಾಡುತ್ತಿದ್ದ. ಅವನಿಗೆ ಮನೆಯೊಳಗೆ ಹೊಡೆಯಲು ಬರುತ್ತಿತ್ತು, ಮನೆಯ ಹೊರಗೆ ಬರುತ್ತಿರಲಿಲ್ಲ. ಅಂಥ ಗಂಡಸರೇ ಹೆಚ್ಚು ಬಿಡಿ. ಆದರೆ ಆ ಕಾಲು ಮತ್ತೆ ಮೇಲೆದ್ದಾಗ ಅವನು ಹೋಗಿ ಹೆಂಡತಿಯ ಮೇಲೆ ಬೋರಲು ಬಿದ್ದ. ಮೊಣಕೈ ನೆಲಕ್ಕೆ ಊರಿ, ಮೋಲ್ಡಿಗೆ ಕೊಟ್ಟ ಹಲಗೆಯ ಹಾಗೆ ಅವಳ ಹೊಟ್ಟೆಯ ಮೇಲೆ ಮೈ ಅಡ್ಡ ಹಿಡಿದ. ಮುನಿರಾಜಪ್ಪನೂ ಗಲಾಟೆ ಕೇಳಿ ಓಡಿ ಬಂದ ಅವನ ದಾಯಾದಿಗಳೂ ಸುಸ್ತಾಗುವವರೆಗೆ ಒದ್ದರು. ಪಕ್ಕೆಲುಬು ಮುರಿದರೂ ದುರ್ಗೇಶ ಕದಲಲಿಲ್ಲ. ಅವನ ಬಾಯಿಯ ರಕ್ತ ಅವಳ ಕೆನ್ನೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ಕೂಸು ಒದ್ಯಾಕತ್ಯಾದೇನು?" ಎಂದು ಕೇಳುತ್ತಿದ್ದ. "ಒದ್ಯಾಕತ್ಯಾದ," ಎನ್ನುತ್ತಿದ್ದಳು. ಅವಳು ಅವನನ್ನು ಪೂರ್ತಿ ಕ್ಷಮಿಸಿದ್ದು ಆ ಕೆಸರಿನಲ್ಲೇ.

ಪಾತ್ರೆ ಪಗಡೆ, ಹಂಚು, ಹಾಸಿಗೆ ಎಲ್ಲ ಗೇಟಿನಾಚೆ ಬಿದ್ದವು. ಬಿಲ್ಕೀಸಳ ಟ್ರಂಕೂ ಅವುಗಳ ಮೇಲೆಯೇ ಬಂದು ಬಿತ್ತು. ಅವಳೇ ಆಟೋ ಹಿಡಿದು ಇಬ್ಬರನ್ನೂ ಆಸ್ಪತ್ರೆಗೆ ಸಾಗಿಸಿದಳು. ಮಾನಮ್ಮನಿಗೆ ದಾರಿಯಲ್ಲೇ ನೋವು ಶುರುವಾಯಿತು, ತಿಂಗಳು ತುಂಬುವ ಮುಂಚೆಯೇ. ಹೆರಿಗೆಯ ಮಂಚದ ಮೇಲೆ ಅವಳು ಕಿರುಚಿದಾಗ ನರ್ಸೊಬ್ಬಳು ತೊಡೆಗೆ ರಪ್ಪನೆ ಬಾರಿಸಿ, "ಸುಮ್ನಿರೇ! ವರ್ಷಕ್ಕೊಂದು ಹುಟ್ಟಿಸಿ ಹಾಕ್ತೀರ, ಆಮೇಲೆ ಇಲ್ಲಿ ಬಂದು ಅರಚ್ತೀರ," ಎಂದಳು. ವರ್ಷಕ್ಕೊಂದಂತೆ! ಒಂದಕ್ಕಾಗಿ ಎರಡನ್ನು ಕಳೆದುಕೊಂಡು, ಗಂಡನ ಕೈ ಸುಟ್ಟು, ಮುದುಕಿಯ ಮೂಳೆ ಮುರಿದು ಬಂದವಳಿಗೆ ಹೇಳುವ ಮಾತು. ಮಾನಮ್ಮ ಮಲಗಿದ್ದಲ್ಲಿಂದಲೇ ನರ್ಸಮ್ಮನ ಕೆನ್ನೆಗೆ ಕೊಟ್ಟಳು. ಆಮೇಲೆ ಡಾಕ್ಟರು ಬರುವವರೆಗೂ ಯಾರೂ ಹತ್ತಿರ ಸುಳಿಯಲಿಲ್ಲ. ಇಲಿಮರಿಯಷ್ಟಿದ್ದ ಹೆಣ್ಣುಕೂಸು ಹುಟ್ಟಿತು. ಉಳಿಯಿತು. ರೇವತಿ ಎಂದು ಹೆಸರಿಟ್ಟರು. ಮಾನಮ್ಮ ಅಲ್ಲೇ ಆಪರೇಷನ್ನೂ ಮಾಡಿಸಿಕೊಂಡಳು. ಒಂದೇ ಹೆಣ್ಣಿಗೆ ಕೈ ತೊಳೆದುಕೊಂಡಳಲ್ಲ ಎಂದು ಊರಿನಲ್ಲಿ ಆಡಿಕೊಂಡ ನಾದಿನಿಗೂ ಮುಂದೊಂದು ದಿನ ಏಟು ಬಿತ್ತು, ಅದು ಬೇರೆ ಮಾತು.

ಕೂಸಿದ್ದವರಿಗೆ ರೂಮಿಲ್ಲದ್ದರಿಂದ ಕಟ್ಟುತ್ತಿದ್ದ ಮನೆಗಳೇ ಅವರಿಗೆ ಮನೆಯಾದವು. ಜೀವನ್ ಬಿಮಾ ನಗರದಲ್ಲಿ ಒಂದು ಮನೆಯ ಗೋಡೆಗೆ ಸಿಮೆಂಟಿನ ಗಿಲಾವು ಆಗುವವರೆಗೆ ಅಲ್ಲಿ, ಬಣ್ಣದವರು ಬಂದರೆ ಇನ್ನೊಂದು ಪಾಯದ ಹತ್ತಿರ. ರೇವತಿ ಅಂಬೆಗಾಲಿಡಲು ಶುರು ಮಾಡಿದ ಮೇಲೆ ಸುಣ್ಣದ ಗುಂಡಿಗೋ ನೀರಿನ ತೊಟ್ಟಿಗೋ ಬಿದ್ದಾಳೆಂದು ಹಳೆಯ ಸೀರೆಯನ್ನು ಹೊಸೆದು ಸೊಂಟಕ್ಕೆ ಬಿಗಿದು ಮಾನಮ್ಮ ಅವಳನ್ನು ಸೆಂಟ್ರಿಂಗಿನ ಸರ್ವೆ ಮರದ ಕಂಬಕ್ಕೆ ಕಟ್ಟುತ್ತಿದ್ದಳು. ಕೂಸು ಅಳುತ್ತಾ ಕಂಬದ ಸುತ್ತ ಸುತ್ತಿ ಸುತ್ತಿ, ಹಗ್ಗ ಗಿಡ್ಡವಾಗಿ, ಕಡೆಗೆ ಕಂಬಕ್ಕೇ ಅಂಟಿಕೊಂಡು ನಿದ್ದೆ ಹೋಗುತ್ತಿತ್ತು. ಅಳು ಕೇಳಿದರೂ ಬಾಂಡ್ಲಿಯ ಸಾಲು ಬಿಟ್ಟು ಇಳಿಯುವ ಹಾಗಿರಲಿಲ್ಲ. ಸೊಂಟದ ಮೇಲೆ ಆ ಹಗ್ಗದ ಕಪ್ಪು ಕಲೆ ಉಳಿದೇ ಹೋಯಿತು.

ಕೊನೆಗೆ ಕೆ.ಆರ್. ಪುರದ ರೈಲು ಹಳಿಯ ಕಡೆ ಒಂದು ಶೀಟಿನ ಮನೆ ಅಂತಾಯಿತು. ರೇವತಿ ಹತ್ತನೇ ಕ್ಲಾಸು ಮುಗಿಸಿ ಗಾರ್ಮೆಂಟ್ಸಿಗೆ ಸೇರಿದಳು. ಹದಿನೆಂಟು ತುಂಬಿದ ವರ್ಷವೇ, ರಾಯಚೂರು ಕಡೆಯ ಹುಡುಗ ಲಕ್ಷ್ಮಿಕಾಂತನ ಜೊತೆ ಮದುವೆಯಾಯಿತು. ರಾತ್ರಿ ಪಾಳಿಯವರನ್ನು ಕಂಪನಿಗೆ ಒಯ್ಯುವ ಕ್ಯಾಬಿನ ಡ್ರೈವರು ಅವನು. ಇವಳು ಹೊರಡುವಾಗ ಅವನು ಬರುತ್ತಿದ್ದ, ಇವಳು ಬರುವಾಗ ಅವನು ಹೊರಡುತ್ತಿದ್ದ. "ಗಂಡನ ಮುಖ ನೋಡೋಕೂ ಭಾನುವಾರ ಬರ್ಬೇಕು ನಮಗೆ," ಎಂದು ರೇವತಿ ನಗುತ್ತಿದ್ದಳು. ಅಂಥದ್ದರಲ್ಲೂ ಒಂದು ದಿನ ಬಂದು, "ಅಮ್ಮಾ, ಈ ತಿಂಗಳು ಆಗಿಲ್ಲ," ಎಂದಾಗ ಮಾನಮ್ಮ ಕುಣಿಯುವುದೊಂದು ಬಾಕಿ. ಚಿಂದಿಪೆಟ್ಟಿಗೆ ತೆಗೆದು, ಕೂಸಿಗೆ ಕುಲಾಯಿ ಹೊಲಿಯಲು ಕೂತಳು. ದುರ್ಗೇಶ ಕೆಮ್ಮುತ್ತಾ ತೊಟ್ಟಿಲಿಗೆ ಹಲಗೆ ಕೆತ್ತತೊಡಗಿದ.

ಎರಡು ಸಾವಿರದ ಒಂಬತ್ತರ ಕೊನೆಯ ಒಂದು ಅಮಾಸೆ. ಮಾನಮ್ಮ ಆಗಲೂ ಅಮಾಸೆಗೆ ಕೆಲಸಕ್ಕೆ ಹೋಗುತ್ತಿ­ರಲಿಲ್ಲ. ಹಂಚಿನ ಮೇಲೆ ಹೋಳಿಗೆ ಹಾಕುತ್ತಿದ್ದಾಗ ರೇವತಿ ಬಂದಳು. ಒಳಗೆ ಬರಲಿಲ್ಲ, ಬಾಗಿಲಾಚೆಯ ಒಗೆಯುವ ಕಲ್ಲಿನ ಮೇಲೆ ಗೋಡೆ ಹಿಡಿದುಕೊಂಡು ಕೂತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನೀರು ನೀನೇ ತಂದ್ಕೊಡಮ್ಮ. ನಾನು ಹೊರಗಿದ್ದೀನಿ."

ಮಾನಮ್ಮ ಹಾಕಿದ್ದ ಹೋಳಿಗೆ ಹಂಚಿನ ಮೇಲೇ ಸೀದುಹೋಯಿತು. ಎದ್ದು ಬಂದು ಬಾಗಿಲಲ್ಲಿ ನಿಂತಳು. ಸುಳ್ಳುಸುಳ್ಳೇ ಹೊರಗಾಗುವುದರಲ್ಲಿ ಅವಳನ್ನು ಮೀರಿಸಿದವರುಂಟೇ?

"ಅಮಾಸಿಗೆ ಹೊರಗಾಗೋದು ನನಗ ಹೇಳ್ತೀಯೇನ?" ಎಂದಳು. ಪಿಳ್ಳಮ್ಮನ ಮಾತು ತನ್ನ ಬಾಯಲ್ಲಿ ಬಂದದ್ದು ಅವಳಿಗೆ ಹೊಳೆಯಲೂ ಇಲ್ಲ. "ಮೊನ್ನಿ ತನಕ ಒಳಗಿತ್ತಲ್ಲ. ಏನ್ ಮಾಡಿಕೊಂಡಿ?"

ರೇವತಿ ನೆಲ ನೋಡುತ್ತಾ ಹೇಳಿದಳು. "ತೆಗೆಸ್ಬಿಟ್ಟೆ."

ಏಟು ಬಿದ್ದೇಬಿಟ್ಟಿತು. ಯಾರ ಸಲುವಾಗಿ ಊರನ್ನೆಲ್ಲ ಹೊಡೆದಿದ್ದಳೋ ಅವಳ ಕೆನ್ನೆಗೇ ಆ ಕೈ ಬಿತ್ತು. ಹುಡುಗಿಯ ತಲೆ ಶೀಟಿಗೆ ಬಡಿದು ಢಣ್ ಎಂದಿತು, ಮೂಗಿನಿಂದ ರಕ್ತ ಇಳಿಯಿತು. ಅವಳು ಒರೆಸಿಕೊಳ್ಳಲೂ ಇಲ್ಲ.

"ಹೊಡಿ," ಎಂದಳು ರೇವತಿ. "ಇನ್ನೂ ಹೊಡಿ. ಗಾರ್ಮೆಂಟ್ಸ್ ಲೈನಲ್ಲಿ ಹೊಟ್ಟೆ ಕಂಡ್ರೆ ಮಷೀನು ಕಿತ್ಕೊಂಡು ಹೆಲ್ಪರ್ ಮಾಡ್ತಾರೆ, ಆಮೇಲೆ ಕಾರಣ ಹೇಳಿ ಕಳಿಸ್ತಾರೆ. ಮನೆ ಓನರ್ ಆಂಟಿ ಮದುವೆ ಆದ ದಿನವೇ ಹೇಳಿದಾರೆ, ಮಕ್ಕಳಾದ್ರೆ ಬೇರೆ ಮನೆ ನೋಡ್ಕೊಳ್ಳಿ ಅಂತ. ನಾನೆಲ್ಲಿ ಕಟ್ಲಿ ಅದನ್ನ, ಯಾವ ಕಂಬಕ್ಕೆ?" ಲಂಗದ ಪಟ್ಟಿ ಸರಿಸಿ ಸೊಂಟದ ಕಪ್ಪು ಕಲೆ ತೋರಿಸಿದಳು. "ನನ್ನೊಬ್ಬಳನ್ನ ಉಳಿಸ್ಕೊಳ್ಳೋಕೆ ಎಷ್ಟು ಜನಕ್ಕೆ ಹೊಡೆದೆ ಅಂತ ನೀನೇ ಕತೆ ಹೇಳ್ತೀಯಲ್ಲಮ್ಮ. ಮೇಸ್ತ್ರಿಗೆ ಹೊಡೆದೆ, ಅಪ್ಪನ್ನ ಸುಟ್ಟೆ, ಆ ಮುದುಕಿ ಮೂಳೆ ಮುರಿದೆ, ನರ್ಸಿಗೂ ಬಿಡ್ಲಿಲ್ಲ. ಒಂದು ಮಗುಗೆ ಅಷ್ಟು ಜನರನ್ನ ಹೊಡೀಬೇಕು ಅಂದ್ರೆ ನನ್ನ ಕೈಲಿ ಆಗಲ್ಲಮ್ಮ. ನನಗೆ ನಿನ್ನ ಕೈ ಬಂದಿಲ್ಲ. ನಾನು ಕಾಲರ್ ಹೊಲಿಯೋಳು."

ಮಾನಮ್ಮನ ಎತ್ತಿದ್ದ ಕೈ ತಾನಾಗಿಯೇ ಇಳಿಯಿತು. ಸೆರಗಿನಿಂದ ಮಗಳ ಮೂಗು ಒರೆಸಿದಳು.

"ಹೊರಗ ಯಾಕ ಕುಂತಿ ನನ್ನವ್ವ," ಎಂದಳು. "ಒಳಗ ಬಾ."

ಚಾಪೆ ಹಾಸಿ, ಬಿಸಿನೀರು ಕೊಟ್ಟು, ಹೊಟ್ಟೆಗೆ ಶಾಖ ಕೊಟ್ಟು, ರೇವತಿಗೆ ನಿದ್ದೆ ಹತ್ತುವವರೆಗೂ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಅರ್ಧ ಹೊಲಿದ ಕುಲಾಯಿಯನ್ನು ಚಿಂದಿಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಮನೆಯ ಹಿಂದಕ್ಕೆ ಹೋದಳು. ಅಲ್ಲಿ ಪಕ್ಕದ ಸೈಟಿನ ಇಟ್ಟಿಗೆಯ ಗೋಡೆ ಇತ್ತು. ಮಾನಮ್ಮ ಬಲಗೈ ಮುಷ್ಟಿ ಕಟ್ಟಿ ಆ ಗೋಡೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಗೆಣ್ಣಿನ ಚರ್ಮ ಕಿತ್ತು, ಇಟ್ಟಿಗೆಗಿಂತ ಕೆಂಪಾಗಿ, ಮೂಳೆ ಬೆಳ್ಳಗೆ ಕಾಣುವವರೆಗೂ ನಿಲ್ಲಿಸಲಿಲ್ಲ. ಸದ್ದಿಗೆ ಅಕ್ಕಪಕ್ಕದವರು ಓಡಿ ಬಂದರು. ದುರ್ಗೇಶ ಹಿಂದಿನಿಂದ ಅವಳ ತೋಳು ಹಿಡಿದುಕೊಂಡ.

"ಯಾರನ್ನೇ ಹೊಡೀತಾ ಇದ್ದೀಯ, ಮಾನಮ್ಮಾ?" ಎಂದು ಎದುರುಮನೆಯವಳು ಗಾಬರಿಯಿಂದ ಕೇಳಿದಳು.

ಮಾನಮ್ಮ ರಕ್ತ ಸುರಿಯುವ ಕೈಯನ್ನು ಎತ್ತಿ ಹಿಡಿದು ಅವರೆಲ್ಲರ ಮುಖ ನೋಡಿದಳು.

"ಯಾರಂತ ನಿಮಗರ ಗೊತ್ತಿದ್ರ ಹೇಳ್ರಿ," ಎಂದಳು. "ಹೋಗಿ ಅವರನ್ನ ಹೊಡಿತೀನಿ."